ಎದೆಯ ಮಿಂಚನ್ನು ಬರೆದಿಟ್ಟ ವೈದ್ಯ

ನಾನು ಹುಟ್ಟಿದ್ದು ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಲ್ಲಿ. ಆಗ ಅದು ಬೆಂಗಳೂರು ಜಿಲ್ಲೆಗೆ ಸೇರಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು, 2007ರಲ್ಲಿ ರಾಮನಗರಕ್ಕೆ ಬಂತು, 2025ರಲ್ಲಿ ಆ ಜಿಲ್ಲೆಯೇ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆಯಿತು. ಕಂದಾಯ ದಾಖಲೆಗಳ ನಡುವೆಯೇ ಆಯುಷ್ಯ ಸವೆಸಿದ ನನ್ನಂಥವನಿಗೆ ಈ ಬದಲಾವಣೆಗಳು ಬಾಯಿಪಾಠ. ಆದರೆ ಊರೆಂದರೆ ನನ್ನ ಕಣ್ಣ ಮುಂದೆ ಬರುವುದು ಜಿಲ್ಲೆಯ ಹೆಸರಲ್ಲ, ಒಂದು ಕಲ್ಲಿನ ತೊಟ್ಟಿ.

ನಮ್ಮ ತೋಟದ ಬಾವಿಯ ಪಕ್ಕದಲ್ಲಿ ಆ ತೊಟ್ಟಿಯಿತ್ತು. ನನ್ನ ಚಿಕ್ಕಪ್ಪ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುವಾಗ ಕೆಲವೊಮ್ಮೆ ಇದ್ದಕ್ಕಿದ್ದಂತೆ ಹೊರೆಯನ್ನು ನೆಲಕ್ಕೆ ಇಳಿಸಿ, ಆ ತೊಟ್ಟಿಯ ತಣ್ಣೀರಿನಲ್ಲಿ ಮುಖ ಮುಳುಗಿಸಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಒಮ್ಮೊಮ್ಮೆ ಒಂದೇ ಸಲಕ್ಕೆ, ಒಮ್ಮೊಮ್ಮೆ ಮೂರು ನಾಲ್ಕು ಸಲಕ್ಕೆ ಅವರ ಎದೆಯ ಓಟ ನಿಲ್ಲುತ್ತಿತ್ತು. ಆಮೇಲೆ ಅವರು ಏನೂ ಆಗದವರಂತೆ ಹೊರೆ ಎತ್ತಿಕೊಂಡು ಹುಳುಮನೆಯ ಕಡೆಗೆ ನಡೆಯುತ್ತಿದ್ದರು. ಮನೆಯವರು ಅದನ್ನು ಎದೆ ಹಾರುವುದು ಎಂದು ಕರೆದರು. ಊರವರು ಗಾಳಿ ಸೋಕಿದೆ ಎಂದರು. ಕಬ್ಬಾಳಮ್ಮನಿಗೆ ಹರಕೆ ಹೊತ್ತದ್ದೂ ಆಯಿತು, ತಾಯತ ಕಟ್ಟಿಸಿದ್ದೂ ಆಯಿತು. 1971ರ ಸುಗ್ಗಿಯಲ್ಲಿ, ರಾಗಿ ಕಣದಲ್ಲಿ, ಇಪ್ಪತ್ತಾರನೆಯ ವಯಸ್ಸಿಗೆ ಅವರು ಕುಸಿದು ಬಿದ್ದರು. ಆ ದಿನ ತೊಟ್ಟಿಯ ತನಕ ಹೋಗಲು ಅವರಿಗೆ ಸಮಯ ಸಿಗಲಿಲ್ಲ. ನನಗೆ ಆಗ ಹತ್ತು ವರ್ಷ.

ಅರ್ಧ ಶತಮಾನ ಕಳೆದ ಮೇಲೆ ಅದೇ ಊರಿನ, ನಮ್ಮದೇ ಮನೆಯ ಇನ್ನೊಂದು ಎಳೆಯ ಎದೆ ಹಾಗೆಯೇ ಓಡತೊಡಗಿತು. ನನ್ನ ಅಕ್ಕನ ಮೊಮ್ಮಗಳಿಗೆ ಹದಿನಾರು ವರ್ಷ, ಪಿಯುಸಿ ಓದುತ್ತಿದ್ದಳು. ಒಬ್ಬ ವೈದ್ಯರು ಪರೀಕ್ಷೆಯ ಭಯ ಎಂದರು. ಮತ್ತೊಬ್ಬರು ರಕ್ತಹೀನತೆಯೆಂದು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಮೂರನೆಯವರು, ಸರ್ಕಾರಿ ಸೇವೆಗೆ ಹೊಸದಾಗಿ ಸೇರಿದ್ದ ಹುಡುಗ, ಯಾವ ತೀರ್ಮಾನಕ್ಕೂ ಬರುವ ಮೊದಲು ಇಸಿಜಿ ತೆಗೆಸಿದರು. ಆಗ ಅವಳ ಎದೆ ಶಾಂತವಾಗಿಯೇ ಬಡಿಯುತ್ತಿತ್ತು. ಆದರೂ ಗುಲಾಬಿ ಬಣ್ಣದ ಚೌಕುಳಿ ಕಾಗದದ ಮೇಲೆ ಒಂದು ಸಣ್ಣ ಓರೆ ಗೆರೆ ಎಲ್ಲವನ್ನೂ ಹೇಳಿಬಿಟ್ಟಿತ್ತು. ಆ ಕಾಗದದ ಪಟ್ಟಿಯನ್ನು ಕೈಯಲ್ಲಿ ಹಿಡಿದ ದಿನವೇ ನನಗೆ ಅದನ್ನು ಸಾಧ್ಯವಾಗಿಸಿದವರು ಯಾರು ಎಂದು ತಿಳಿಯುವ ಆಸೆ ಹುಟ್ಟಿತು. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ, ವೈದ್ಯಕೀಯ ನನ್ನ ಕ್ಷೇತ್ರವಲ್ಲ. ನಿವೃತ್ತಿಯ ಬಿಡುವಿನಲ್ಲಿ ಹುಡುಕಿ ಓದಿದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಆ ಮಹನೀಯರ ಹೆಸರು ವಿಲ್ಲೆಮ್ ಐಂಥೋವನ್. ಅವರು ಡಚ್ ವಿಜ್ಞಾನಿ; ಆದರೆ ಹುಟ್ಟಿದ್ದು ನಮ್ಮ ಏಷ್ಯಾದಲ್ಲಿ. 1860ರ ಮೇ 21ರಂದು ಜಾವಾ ದ್ವೀಪದ ಉತ್ತರ ತೀರದ ಸೆಮರಾಂಗ್ ಎಂಬ ಬಂದರು ಪಟ್ಟಣದಲ್ಲಿ ಅವರ ಜನನವಾಯಿತು. ಇಂದಿನ ಇಂಡೊನೇಷ್ಯಾ ಅಂದು ಡಚ್ಚರ ವಸಾಹತು. ತಂದೆ ಅಲ್ಲಿಯ ವೈದ್ಯರು. ಮಗನಿಗೆ ಆರು ವರ್ಷವಿದ್ದಾಗ ಅವರು ತೀರಿಕೊಂಡರು. ತಾಯಿ ಆರು ಮಕ್ಕಳನ್ನು ಕಟ್ಟಿಕೊಂಡು 1870ರಲ್ಲಿ ಹಡಗು ಹತ್ತಿ ಹಾಲೆಂಡಿನ ಉಟ್ರೆಕ್ಟ್ ನಗರಕ್ಕೆ ಬಂದು ನೆಲೆಸಿದರು. ತಂದೆಯಿಲ್ಲದ ಮನೆಯ ಹಿರಿಯ ಮಗ ತಂದೆಯ ವೃತ್ತಿಯನ್ನೇ ಹಿಡಿಯಲು ನಿರ್ಧರಿಸಿ 1878ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದರು. ಓದು ಮುಗಿಸಿ ಜಾವಾಕ್ಕೆ ಮರಳಿ ವೈದ್ಯರಾಗುವುದು ಅವರ ಉದ್ದೇಶವಾಗಿತ್ತು.

ಅದು ನಡೆಯಲಿಲ್ಲ. ಯುವಕ ಐಂಥೋವನ್‌ಗೆ ಅಂಗಸಾಧನೆ, ಕತ್ತಿವರಸೆ, ದೋಣಿ ಹುಟ್ಟುಹಾಕುವುದು ಎಂದರೆ ಬಲು ಪ್ರೀತಿ. ಒಮ್ಮೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕೈ ಆಡಿಸಲಾಗದೆ ಕುಳಿತ ಆ ದಿನಗಳಲ್ಲಿ ಬೇರೆಯವರಾಗಿದ್ದರೆ ಬೇಸರ ಪಡುತ್ತಿದ್ದರು. ಅವರು ಮುಂಗೈ ಹೇಗೆ ತಿರುಗುತ್ತದೆ, ಮೊಣಕೈ ಕೀಲಿನ ಯಂತ್ರವಿಧಾನ ಎಂಥದು ಎಂದು ಯೋಚಿಸಿ ಒಂದು ಪ್ರಬಂಧ ಬರೆದರು. ತಮ್ಮ ನೋವನ್ನೇ ಅಭ್ಯಾಸದ ವಸ್ತುವಾಗಿಸಿಕೊಂಡ ಈ ಸ್ವಭಾವ ಅವರನ್ನು ಕೊನೆಯ ತನಕ ಬಿಡಲಿಲ್ಲ. ಪ್ರಖ್ಯಾತ ಶರೀರಕ್ರಿಯಾ ವಿಜ್ಞಾನಿ ದೊಂಡರ್ಸ್ ಅವರ ಮಾರ್ಗದರ್ಶನದಲ್ಲಿ 1885ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಲೈಡನ್ ವಿಶ್ವವಿದ್ಯಾಲಯ ಅವರನ್ನು ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕರನ್ನಾಗಿ ಆರಿಸಿತು. ಆಗ ಅವರಿಗೆ ವಯಸ್ಸು ಇಪ್ಪತ್ತೈದು. 1886ರಲ್ಲಿ ಅಧಿಕಾರ ವಹಿಸಿಕೊಂಡವರು ಸಾಯುವವರೆಗೂ, ನಾಲ್ವತ್ತೊಂದು ವರ್ಷ, ಅದೇ ಪೀಠದಲ್ಲಿ ಉಳಿದರು. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗಿ ಗಂಟುಮೂಟೆ ಕಟ್ಟಿದ ನನಗೆ, ಒಂದೇ ಜಾಗದಲ್ಲಿ ಒಂದೇ ಪ್ರಶ್ನೆಯೊಂದಿಗೆ ಕುಳಿತ ಈ ನಾಲ್ಕು ದಶಕಗಳು ಅಸೂಯೆ ಹುಟ್ಟಿಸುತ್ತವೆ.

ಆ ಪ್ರಶ್ನೆ ಅವರಿಗೆ ದೊರೆತದ್ದು ಲಂಡನ್ನಿನ ಅಗಸ್ಟಸ್ ವಾಲರ್ ಎಂಬ ವಿಜ್ಞಾನಿಯಿಂದ. ಹೃದಯ ಬಡಿಯುವಾಗಲೆಲ್ಲ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ ಎಂಬುದು ಪ್ರಾಣಿಗಳಲ್ಲಿ ಆಗಲೇ ತಿಳಿದಿತ್ತು. ಎದೆಯನ್ನು ಕೊಯ್ಯದೆ ಮನುಷ್ಯನ ಚರ್ಮದ ಮೇಲಿನಿಂದಲೇ ಅದನ್ನು ಗುರುತಿಸಬಹುದು ಎಂದು 1887ರಲ್ಲಿ ವಾಲರ್ ತೋರಿಸಿಕೊಟ್ಟರು. ಅವರ ಪ್ರದರ್ಶನಗಳ ನಾಯಕ ಜಿಮ್ಮಿ ಎಂಬ ಅವರ ಸಾಕುನಾಯಿ. ಉಪ್ಪುನೀರಿನ ಪಾತ್ರೆಗಳಲ್ಲಿ ಕಾಲಿಟ್ಟುಕೊಂಡು ಅದು ತಾಳ್ಮೆಯಿಂದ ನಿಲ್ಲುತ್ತಿತ್ತು. ಇದು ಪ್ರಾಣಿಹಿಂಸೆಯಲ್ಲವೇ ಎಂಬ ಪ್ರಶ್ನೆ 1909ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿಯೂ ಎದ್ದಿತು. 1889ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ನಡೆದ ಶರೀರಕ್ರಿಯಾ ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವಾಲರ್ ಅವರ ಪ್ರಯೋಗವನ್ನು ನೋಡಿದವರಲ್ಲಿ ಐಂಥೋವನ್ ಒಬ್ಬರು.

ವಾಲರ್ ಬಳಸಿದ ಉಪಕರಣದಲ್ಲಿ ಕೂದಲೆಳೆಯಂಥ ಗಾಜಿನ ಕೊಳವೆಯೊಳಗೆ ಪಾದರಸವಿತ್ತು. ವಿದ್ಯುತ್ತು ತಾಗಿದಾಗ ಪಾದರಸದ ಅಂಚು ಸ್ವಲ್ಪ ಮೇಲೆ ಕೆಳಗೆ ಆಡುತ್ತಿತ್ತು. ಆದರೆ ಪಾದರಸ ಭಾರವಾದ್ದರಿಂದ ಹೃದಯದ ವೇಗಕ್ಕೆ ಓಡಲಾರದೆ ಹಿಂದೆ ಬೀಳುತ್ತಿತ್ತು. ಐಂಥೋವನ್ ಮೊದಲು ಅದೇ ಉಪಕರಣವನ್ನು ಹಿಡಿದು ಐದಾರು ವರ್ಷ ದುಡಿದರು. ಲೈಡನ್ನಿನ ಪ್ರಯೋಗಾಲಯದ ಬಳಿ ಕಲ್ಲು ಹಾಸಿದ ರಸ್ತೆ. ಕುದುರೆ ಗಾಡಿ ಹೋದರೆ ಸಾಕು, ಪಾದರಸ ಕಂಪಿಸಿ ದಾಖಲೆ ಹಾಳಾಗುತ್ತಿತ್ತು. ಕೋಣೆಯ ನೆಲವನ್ನು ಆಳವಾಗಿ ಅಗೆಸಿ ಕಲ್ಲು ತುಂಬಿಸಿ ಕಂಪನ ತಡೆಯಲು ನೋಡಿದರು. ಕೊನೆಗೆ ಗಣಿತದ ಮೊರೆ ಹೊಕ್ಕು, ಪಾದರಸ ಎಷ್ಟು ಹಿಂದೆ ಬೀಳುತ್ತದೆ ಎಂಬುದನ್ನು ಲೆಕ್ಕ ಹಾಕಿ, ನಿಜವಾದ ಗೆರೆ ಹೇಗಿರಬೇಕು ಎಂದು ಬಿಡಿಸಿದರು. 1895ರ ಆ ಗೆರೆಯ ಏರಿಳಿತಗಳಿಗೆ ಅವರು ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳನ್ನಿಟ್ಟರು. ಜಗತ್ತಿನ ಯಾವ ಆಸ್ಪತ್ರೆಗೆ ಹೋದರೂ ಇಂದಿಗೂ ಅವೇ ಹೆಸರುಗಳು.

ಲೆಕ್ಕದಿಂದ ಸಿಕ್ಕಿದ ಗೆರೆ ಸರಿಯೆಂದು ನಿಶ್ಚಯವಾಯಿತು. ಆದರೆ ಪ್ರತಿ ರೋಗಿಗೂ ಗಂಟೆಗಟ್ಟಲೆ ಲೆಕ್ಕ ಹಾಕುತ್ತ ಕೂರುವ ವಿದ್ಯೆ ಯಾರಿಗೆ ಬೇಕು? ಆದ್ದರಿಂದ ಐಂಥೋವನ್ ಪಾದರಸವನ್ನು ಕೈಬಿಟ್ಟು ಹೊಸದೊಂದು ಯಂತ್ರ ರಚಿಸಿದರು. ಬಲವಾದ ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಒಂದೇ ಒಂದು ಎಳೆ. ಹೃದಯದ ವಿದ್ಯುತ್ತು ಆ ಎಳೆಯಲ್ಲಿ ಹರಿದಾಗ ಅದು ಪಕ್ಕಕ್ಕೆ ಬಾಗುತ್ತದೆ. ಅದರ ನೆರಳು ಚಲಿಸುವ ಛಾಯಾಫಲಕದ ಮೇಲೆ ಬಿದ್ದು ಗೆರೆಯಾಗುತ್ತದೆ. ಎಳೆ ಹಗುರವಾದಷ್ಟೂ ಗೆರೆ ನಿಖರ. ಕ್ವಾರ್ಟ್ಸ್ ಶಿಲೆಯನ್ನು ಕರಗಿಸಿ, ಬಾಣಕ್ಕೆ ಅಂಟಿಸಿ, ಬಿಲ್ಲಿನಿಂದ ಹೊಡೆದಾಗ ಬಾಣದ ಹಿಂದೆ ಎಳೆದುಕೊಂಡು ಹೋಗುವ ನೂಲೇ ಅವರ ಎಳೆ. ಅದಕ್ಕೆ ಬೆಳ್ಳಿಯ ಲೇಪ. ರೇಷ್ಮೆ ನಾಡಿನ ಓದುಗರಿಗೆ ಹೇಳುವುದಾದರೆ, ಗೂಡಿನಿಂದ ಬಿಚ್ಚುವ ಒಂಟಿ ಎಳೆಗಿಂತಲೂ ಅದು ಹಲವು ಪಾಲು ತೆಳು.

1901ರಲ್ಲಿ ಈ ತಂತಿ ಗ್ಯಾಲ್ವನೋಮೀಟರಿನ ವಿವರ ಪ್ರಕಟವಾಯಿತು. 1902 ಮತ್ತು 1903ರ ಪ್ರಬಂಧಗಳಲ್ಲಿ ಅದರಿಂದ ತೆಗೆದ ಮನುಷ್ಯ ಹೃದಯದ ಗೆರೆಗಳು ಬಂದವು. ಯಂತ್ರದ ತೂಕ ಸುಮಾರು 270 ಕಿಲೋ. ಅದಕ್ಕೆ ಎರಡು ಕೋಣೆ, ನಡೆಸಲು ಐದು ಜನ, ಕಾದ ವಿದ್ಯುತ್ಕಾಂತವನ್ನು ತಣಿಸಲು ಹರಿಯುವ ನೀರು ಬೇಕಿತ್ತು. ಪರೀಕ್ಷೆಗೆ ಬಂದವರು ಎರಡು ಕೈಗಳನ್ನೂ ಎಡಗಾಲನ್ನೂ ಉಪ್ಪುನೀರಿನ ಬಕೆಟ್ಟುಗಳಲ್ಲಿ ಇಟ್ಟುಕೊಂಡು ಕುಳಿತಿರಬೇಕು. ಇಂದು ಬಲಗೈ, ಎಡಗೈ, ಎಡಗಾಲಿಗೆ ಕ್ಲಿಪ್ ಹಾಕುವ ಪದ್ಧತಿ ಆ ಮೂರು ಬಕೆಟ್ಟುಗಳ ಉತ್ತರಾಧಿಕಾರಿ. ಈ ಮೂರು ಬಿಂದುಗಳನ್ನು ಸೇರಿಸಿದರೆ ಆಗುವ ತ್ರಿಕೋನ ಐಂಥೋವನ್ ತ್ರಿಕೋನವೆಂದೇ ಪ್ರಸಿದ್ಧ. ಅದರ ಎರಡು ಬಾಹುಗಳ ಅಳತೆ ಗೊತ್ತಾದರೆ ಮೂರನೆಯದು ತಾನಾಗಿ ತಿಳಿಯುತ್ತದೆ. ತಾಳೆ ನೋಡಿ ಒಪ್ಪ ಹಾಕುವ ಲೆಕ್ಕಪತ್ರದ ಶಿಸ್ತು ಇದರಲ್ಲಿದೆ.

ಅವರ ಜೀವನದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ 1905ರದ್ದು. ಯಂತ್ರ ಪ್ರಯೋಗಾಲಯದಲ್ಲಿ, ರೋಗಿಗಳು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಲ್ಲಿ. ಹಾಸಿಗೆ ಹಿಡಿದವರನ್ನು ಹೊತ್ತು ತರುವಂತಿಲ್ಲ, 270 ಕಿಲೋದ ಯಂತ್ರವನ್ನು ಒಯ್ಯುವಂತೆಯೂ ಇಲ್ಲ. ಐಂಥೋವನ್ ದೂರವಾಣಿ ತಂತಿಯ ಮೂಲಕ ರೋಗಿಯ ಹೃದಯದ ವಿದ್ಯುತ್ತನ್ನೇ ಪ್ರಯೋಗಾಲಯಕ್ಕೆ ತರಿಸಿಕೊಂಡರು. ಮಾರ್ಚ್ 22ರಂದು ಮೊದಲ ದೂರದಾಖಲೆ ಒಬ್ಬ ಆರೋಗ್ಯವಂತನದು. ಅವನ ಗೆರೆಯ ಶಿಖರಗಳು ಎತ್ತರವಾಗಿದ್ದುದಕ್ಕೆ, ಆತ ಪ್ರಯೋಗಾಲಯದಿಂದ ಆಸ್ಪತ್ರೆಗೆ ಸೈಕಲ್ ತುಳಿದು ಹೋದದ್ದೇ ಕಾರಣವೆಂದು ತರ್ಕಿಸಿದರು. 1906ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಹಿಗ್ಗಿದ ಹೃದಯ, ನಡುವೆ ಜಿಗಿಯುವ ಮಿಡಿತ, ಮೇಲಿನ ಸಂದೇಶ ಕೆಳಗೆ ತಲುಪದ ಹೃದಯಸ್ತಂಭನ ಮುಂತಾದವುಗಳ ಗೆರೆಗಳು ಒಂದೊಂದಾಗಿ ಗುರುತಾದವು. ಇಂದು ನಾವು ಟೆಲಿಮೆಡಿಸಿನ್ ಎಂದು ದೊಡ್ಡದಾಗಿ ಹೇಳಿಕೊಳ್ಳುವುದು ನೂರಿಪ್ಪತ್ತು ವರ್ಷ ಹಳೆಯ ವಿದ್ಯೆ.

ಯಂತ್ರವನ್ನು ಮಾರುಕಟ್ಟೆಗೆ ತರುವ ಕಥೆಯನ್ನು ಅರ್ಥಶಾಸ್ತ್ರದವನಾದ ನಾನು ಕುತೂಹಲದಿಂದ ಓದಿದೆ. ಮ್ಯೂನಿಕ್ ನಗರದ ಎಡೆಲ್‌ಮನ್ ಮೊದಲು ತಯಾರಿಕೆಗೆ ಒಪ್ಪಿ, ಆಮೇಲೆ ರಾಯಧನ ಕೊಡುವುದನ್ನು ನಿಲ್ಲಿಸಿದರು. ತಂತಿಯ ಸಂದೇಶ ಗ್ರಹಿಸಲು ಫ್ರಾನ್ಸಿನ ಅದೆರ್ ಎಂಬವರು ಹಿಂದೆಯೇ ಇಂಥದೊಂದು ರಚಿಸಿದ್ದರೆಂಬುದು ಅವರ ವಾದ. ಬಳಿಕ ಚಾರ್ಲ್ಸ್ ಡಾರ್ವಿನ್ನರ ಮಗ ಹೊರೇಸ್ ಡಾರ್ವಿನ್ ಸ್ಥಾಪಿಸಿದ್ದ ಕೇಂಬ್ರಿಜ್ ಕಂಪನಿ ಮುಂದೆ ಬಂದು, 1908ರಲ್ಲಿ ಮೊದಲ ಯಂತ್ರವನ್ನು ಎಡಿನ್‌ಬರೋದ ಪ್ರಾಧ್ಯಾಪಕರೊಬ್ಬರಿಗೆ ಮಾರಿತು. ವಿಚಿತ್ರವೆಂದರೆ ಇದಕ್ಕೆಲ್ಲ ದಾರಿ ತೆರೆದ ವಾಲರ್ ಅವರೇ ಆಸ್ಪತ್ರೆಗಳಲ್ಲಿ ಇದರ ಬಳಕೆ ವ್ಯಾಪಕವಾದೀತು ಎಂದು ನಂಬಿರಲಿಲ್ಲ. ಅಪರೂಪಕ್ಕೊಮ್ಮೆ ಉಪಯೋಗಕ್ಕೆ ಬಂದೀತು ಎಂಬುದು ಅವರ ಎಣಿಕೆಯಾಗಿತ್ತು.

ಆ ಎಣಿಕೆಯನ್ನು ಸುಳ್ಳಾಗಿಸಿದವರಲ್ಲಿ ಮೊದಲಿಗರು ಲಂಡನ್ನಿನ ಥಾಮಸ್ ಲೂಯಿಸ್. ಯಂತ್ರವನ್ನು ರೋಗಿಯ ಬಳಿಗೆ ಒಯ್ದು, ಮಿಡಿತದ ತಾಳ ತಪ್ಪುವ ಕಾಯಿಲೆಗಳನ್ನು ಒಂದೊಂದಾಗಿ ವಿಂಗಡಿಸಿದವರು ಅವರು. ತಮ್ಮ ಆವಿಷ್ಕಾರಕ್ಕೆ ವೈದ್ಯಕೀಯದಲ್ಲಿ ಇಷ್ಟು ದೊಡ್ಡ ಸ್ಥಾನ ದೊರೆಯಲು ಲೂಯಿಸ್ ಕಾರಣರೆಂದು ಐಂಥೋವನ್ ಮುಕ್ತಮನಸ್ಸಿನಿಂದ ಒಪ್ಪಿಕೊಂಡರು. ಅದೇ ಲೂಯಿಸರ ಬಳಿ 1913ರಲ್ಲಿ ಕಲಿಯಲು ಬಂದ ಅಮೆರಿಕದ ತರುಣ ವೈದ್ಯ ಪಾಲ್ ಡಡ್ಲಿ ವೈಟ್. ಬಾಸ್ಟನ್ನಿಗೆ ಮರಳಿ ವೈದ್ಯವೃತ್ತಿ ನಡೆಸುತ್ತಿದ್ದ ವೈಟ್, ಲೂಯಿಸ್ ವುಲ್ಫ್ ಮತ್ತು ಲಂಡನ್ನಿನ ಜಾನ್ ಪಾರ್ಕಿನ್‌ಸನ್ ಜೊತೆಗೂಡಿ 1930ರಲ್ಲಿ ಹನ್ನೊಂದು ರೋಗಿಗಳ ವೃತ್ತಾಂತ ಪ್ರಕಟಿಸಿದರು. ಎಲ್ಲರೂ ಬೇರೆ ರೀತಿಯಲ್ಲಿ ಆರೋಗ್ಯವಂತರು. ಎಲ್ಲರಿಗೂ ಆಗಾಗ ಎದೆ ಓಡುವ ತೊಂದರೆ. ಎದೆ ಶಾಂತವಾಗಿರುವಾಗಲೂ ಎಲ್ಲರ ಇಸಿಜಿಯಲ್ಲಿ ಒಂದೇ ಬಗೆಯ ವೈಚಿತ್ರ್ಯ. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಡಬ್ಲ್ಯುಪಿಡಬ್ಲ್ಯು ಎನ್ನುತ್ತಾರೆ. ಕನಕಪುರ ಸೀಮೆಯ ನಮ್ಮ ಹುಡುಗಿಯ ಕಾಗದದಲ್ಲಿ ಆ ಯುವ ವೈದ್ಯರು ಗುರುತಿಸಿದ್ದು ಇದನ್ನೇ.

ಇದೇನೆಂದು ಅರ್ಥಮಾಡಿಕೊಳ್ಳಲು ನನಗೆ ನೆರವಾದದ್ದು ನಮ್ಮೂರಿನ ಹೆಸರು. ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ದಾರಿ. ತೂಬು ಎಂದರೆ ಗದ್ದೆಗೆ ಬೇಕಾದಷ್ಟನ್ನು ಬೇಕಾದಾಗ ಬಿಡುವ ಬಾಗಿಲು. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳಿಗೂ ಕೆಳಗಿನ ಹೃತ್ಕುಕ್ಷಿಗಳಿಗೂ ನಡುವೆ ವಿದ್ಯುತ್ತು ದಾಟದ ಒಂದು ಏರಿಯಿದೆ. ಅದರಲ್ಲಿ ಇರುವುದು ಒಂದೇ ತೂಬು. ಜಪಾನಿನ ಸುನಾವೊ ತವಾರಾ 1906ರಲ್ಲಿ ವಿವರಿಸಿದ ಈ ಗಂಟು, ಮೇಲಿನಿಂದ ಬಂದ ಸಂದೇಶವನ್ನು ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡೆದು ಕೆಳಕ್ಕೆ ಬಿಡುತ್ತದೆ. ಆ ಬಿಡುವಿನಲ್ಲಿ ಮೇಲಿನ ಕೋಣೆಯ ರಕ್ತ ಕೆಳಗೆ ಇಳಿದು ತುಂಬಿಕೊಳ್ಳುತ್ತದೆ. ಸಾವಿರಕ್ಕೆ ಒಬ್ಬರಿಂದ ಮೂವರ ಹೃದಯದಲ್ಲಿ ಹುಟ್ಟಿನಿಂದಲೇ ಈ ಏರಿಯ ಎಲ್ಲೋ ಒಂದು ಕಡೆ ಸಣ್ಣ ಸ್ನಾಯುವಿನ ಎಳೆ ಉಳಿದುಬಿಟ್ಟಿರುತ್ತದೆ. ಅದು ಏರಿಯಲ್ಲಿ ಬಿದ್ದ ಬಿಲದಂತೆ, ತಡೆಯುವ ಬಾಗಿಲಿಲ್ಲ. ಸಂದೇಶ ಆ ಕಳ್ಳದಾರಿಯಲ್ಲಿ ಬೇಗನೆ ಇಳಿಯುವುದರಿಂದಲೇ ಇಸಿಜಿಯ ಎತ್ತರದ ಶಿಖರಕ್ಕೆ ಮುಂಚೆ ಒಂದು ಓರೆ ಗೆರೆ ಮೂಡುತ್ತದೆ.

ಇಷ್ಟೇ ಆಗಿದ್ದರೆ ತೊಂದರೆಯಿಲ್ಲ. ಕೆಲವೊಮ್ಮೆ ಸಂದೇಶ ತೂಬಿನಲ್ಲಿ ಇಳಿದು ಕಳ್ಳದಾರಿಯಲ್ಲಿ ಮೇಲೇರಿ ಮತ್ತೆ ತೂಬಿಗೆ ಬರುತ್ತದೆ. ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಆಗ ಮಿಡಿತ ನಿಮಿಷಕ್ಕೆ ಇನ್ನೂರರ ಸಮೀಪಕ್ಕೆ ಹೋಗಬಹುದು. ತಣ್ಣೀರಿನಲ್ಲಿ ಮುಖ ಮುಳುಗಿಸಿ ಉಸಿರು ಹಿಡಿದರೆ ವೇಗಸ್ ಎಂಬ ನರ ಪ್ರಚೋದನೆಗೊಂಡು ತೂಬಿನ ಬಾಗಿಲು ಕ್ಷಣಕಾಲ ಮುಚ್ಚುತ್ತದೆ. ಸುತ್ತುವ ಸಂದೇಶಕ್ಕೆ ದಾರಿ ಕಟ್ಟಾಗಿ ಓಟ ನಿಲ್ಲುತ್ತದೆ. ವೈದ್ಯರು ಇದನ್ನು ವಿವರಿಸಿದಾಗ ನನಗೆ ಕಣ್ಣು ಮಂಜಾಯಿತು. ಓದುಬರಹ ಹೆಚ್ಚು ಬಾರದ ಚಿಕ್ಕಪ್ಪ ತಮ್ಮ ಕಾಯಿಲೆಗೆ ಸರಿಯಾದ ಪ್ರಥಮ ಚಿಕಿತ್ಸೆಯನ್ನು ಕಲ್ಲುತೊಟ್ಟಿಯಲ್ಲಿ ತಾವೇ ಕಂಡುಕೊಂಡಿದ್ದರು. ವಿರಳವಾಗಿ ಮೇಲಿನ ಕೋಣೆಗಳು ಲಯವಿಲ್ಲದೆ ಅದುರತೊಡಗಿದಾಗ ಆ ಅವ್ಯವಸ್ಥೆಯೆಲ್ಲ ಕಳ್ಳದಾರಿಯಲ್ಲಿ ನೇರವಾಗಿ ಕೆಳಕ್ಕೆ ನುಗ್ಗುತ್ತದೆ. ಹೃದಯ ನಿಂತೇ ಹೋಗಬಹುದು. ಚಿಕ್ಕಪ್ಪನಿಗೆ ಆದದ್ದು ಅದೇ ಎಂದು ಪ್ರಮಾಣ ಮಾಡಲು ನನ್ನ ಬಳಿ ಯಾವ ಕಾಗದವೂ ಇಲ್ಲ. ಈ ದೋಷ ಸಾಮಾನ್ಯವಾಗಿ ವಂಶಪಾರಂಪರ್ಯವೂ ಅಲ್ಲ. ಅವರ ಬದುಕಿನಲ್ಲಿ ಒಮ್ಮೆಯೂ ಇಸಿಜಿ ತೆಗೆದಿರಲಿಲ್ಲ ಎಂಬುದಷ್ಟೇ ನಿಶ್ಚಯ.

ಕಳ್ಳದಾರಿಯನ್ನು ಮುಚ್ಚುವ ಪ್ರಯತ್ನ ಐಂಥೋವನ್ ಕಾಲಾನಂತರದ ಕಥೆ. 1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯ ವಿಲ್ ಸೀಲಿ ಒಬ್ಬ ಮೀನುಗಾರನ ಎದೆ ತೆರೆದು ಆ ಎಳೆಯನ್ನು ಕತ್ತರಿಸಿದರು. ಎದೆ ತೆರೆಯದೆಯೇ, ರಕ್ತನಾಳದ ಮೂಲಕ ಕ್ಯಾಥೆಟರ್ ಎಂಬ ತೆಳುಕೊಳವೆ ತೂರಿಸಿ, ಅದರ ತುದಿಯಿಂದ ವಿದ್ಯುತ್ ಆಘಾತ ಕೊಟ್ಟು ಹೃದಯದೊಳಗಿನ ದಾರಿಯನ್ನು ಸುಡುವ ವಿಧಾನ 1982ರಲ್ಲಿ ವರದಿಯಾಯಿತು. ಅದು ಒರಟು ವಿಧಾನ. 1980ರ ದಶಕದ ಕೊನೆಗೆ ಆಘಾತದ ಬದಲು ರೇಡಿಯೊ ಆವರ್ತನದ ವಿದ್ಯುತ್ತು ಬಂತು. ಕ್ಯಾಥೆಟರಿನ ತುದಿ ತಾಗಿದ ಕೆಲವೇ ಮಿಲಿಮೀಟರು ಜಾಗ ಮಾತ್ರ ಐವತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದು ನಿಷ್ಕ್ರಿಯವಾಗುತ್ತದೆ. 1991ರಲ್ಲಿ ಜಾಕ್‌ಮನ್ ಮತ್ತು ಕಾಲ್ಕಿನ್ಸ್ ಅವರ ತಂಡಗಳು ಬೇರೆ ಬೇರೆಯಾಗಿ ಪ್ರಕಟಿಸಿದ ಫಲಿತಾಂಶಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ರೋಗಿಗಳು ಗುಣವಾಗಿದ್ದರು. ಇದಕ್ಕೆ ಅಬ್ಲೇಷನ್ ಎಂದು ಹೆಸರು. ಗಮನಿಸಬೇಕಾದ ಮಾತೆಂದರೆ, ಕ್ಯಾಥೆಟರ್ ಎಷ್ಟೇ ಆಧುನಿಕವಾದರೂ ಅದಕ್ಕೆ ದಾರಿ ತೋರಿಸುವುದು ಇಸಿಜಿಯ ಗೆರೆಗಳೇ.

ನಮ್ಮ ಹುಡುಗಿಗೆ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಅಬ್ಲೇಷನ್ ಆಯಿತು. ತೊಡೆಯ ಸಂದಿನ ರಕ್ತನಾಳದಿಂದ ಕೊಳವೆ ತೂರಿಸಿದರು. ಅವಳು ಎಚ್ಚರವಾಗಿಯೇ ಇದ್ದಳು. ಕಳ್ಳದಾರಿಯನ್ನು ಹುಡುಕಲು ಎರಡು ಗಂಟೆ ಹಿಡಿಯಿತು. ಅದು ಅಳಿಯಲು ಕೆಲವು ಸೆಕೆಂಡು ಸಾಕಾಯಿತು. ಹೊರಗೆ ಕಾಯುತ್ತಿದ್ದ ನಮಗೆ ವೈದ್ಯರು ಎರಡು ಕಾಗದದ ಪಟ್ಟಿಗಳನ್ನು ತಂದು ತೋರಿಸಿದರು. ಮೊದಲನೆಯದರಲ್ಲಿ ಓರೆ ಗೆರೆಯಿತ್ತು, ಎರಡನೆಯದರಲ್ಲಿ ಇರಲಿಲ್ಲ. ಅಕ್ಕ ಆ ಎರಡನ್ನೂ ಮಡಿಚಿ ದೇವರ ಮನೆಯಲ್ಲಿ ಇಟ್ಟಿದ್ದಾಳೆ.

ಐಂಥೋವನ್ ಅವರ ಕೊನೆಯ ವರ್ಷಗಳಿಗೆ ಮರಳುತ್ತೇನೆ. 1924ರಲ್ಲಿ ಅವರು ಉಪನ್ಯಾಸಗಳಿಗಾಗಿ ಅಮೆರಿಕದಲ್ಲಿದ್ದಾಗ ವೈದ್ಯಕೀಯದ ನೊಬೆಲ್ ಪ್ರಶಸ್ತಿಯ ಸುದ್ದಿ ಬಂತು. ಅವರ ಜೀವನವನ್ನು ಬರೆದವರು ಒಂದು ಪ್ರಸಂಗವನ್ನು ತಪ್ಪದೆ ಹೇಳುತ್ತಾರೆ. ಮೊದಲ ಯಂತ್ರ ರೂಪುಗೊಳ್ಳುವಾಗ ವಾನ್ ಡೆರ್ ವೂರ್ಟ್ ಎಂಬ ಪ್ರಯೋಗಾಲಯದ ಸಹಾಯಕರು ಅವರ ಬಲಗೈಯಾಗಿದ್ದರು. ಪ್ರಶಸ್ತಿಯ ಹಣದಲ್ಲಿ ಪಾಲು ಕೊಡಲು ಐಂಥೋವನ್ ಅವರನ್ನು ಹುಡುಕಿದಾಗ ಅವರು ತೀರಿಕೊಂಡಿದ್ದರು. ಅವರ ಇಬ್ಬರು ಸೋದರಿಯರು ಬಡತನದಲ್ಲಿ ಬದುಕಿರುವುದು ತಿಳಿದು, ಐಂಥೋವನ್ ಹಣದ ಅರ್ಧವನ್ನು ಅವರಿಗೆ ಕೊಟ್ಟರು. ಕಾನೂನು ಅದನ್ನು ಕೇಳಿರಲಿಲ್ಲ, ಯಾವ ಕರಾರೂ ಇರಲಿಲ್ಲ. ರಾಯಧನದ ವ್ಯಾಜ್ಯದಲ್ಲಿ ತಾವು ಕಳೆದುಕೊಂಡವರು, ಪರರ ಪಾಲನ್ನು ಮಾತ್ರ ಮರೆಯಲಿಲ್ಲ.

ಬಾಳಿನ ಸಂಜೆಯಲ್ಲಿ ಅವರು ಎಂಜಿನಿಯರಾಗಿದ್ದ ಮಗನೊಂದಿಗೆ ಸೇರಿ, ನಿರ್ವಾತದಲ್ಲಿ ಕಂಪಿಸುವ ಇನ್ನೂ ಸೂಕ್ಷ್ಮವಾದ ಎಳೆಯಿಂದ ಜಾವಾದ ರೇಡಿಯೊ ಸಂಕೇತಗಳನ್ನು ಹಿಡಿಯುವ ಕೆಲಸದಲ್ಲಿ ತೊಡಗಿದ್ದರು. ಹುಟ್ಟಿದ ನೆಲಕ್ಕೆ ವೈದ್ಯರಾಗಿ ಮರಳಲಾಗದ ಹುಡುಗ, ಮುದುಕನಾಗಿ ಆ ನೆಲದ ದನಿಯನ್ನು ಒಂದು ಎಳೆಯ ಮೇಲೆ ಕೇಳಿಸಿಕೊಂಡರು. 1927ರ ಸೆಪ್ಟೆಂಬರ್ ಕೊನೆಯಲ್ಲಿ ಲೈಡನ್ನಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಡಬ್ಲ್ಯುಪಿಡಬ್ಲ್ಯು ಪ್ರಬಂಧ ಹೊರಬರಲು ಇನ್ನೂ ಮೂರು ವರ್ಷವಿತ್ತು.

ಈಗ ನನ್ನದೊಂದು ತಪ್ಪೊಪ್ಪಿಗೆ. 1990ರ ದಶಕದ ಆರಂಭದಲ್ಲಿ ನಾನು ಹಣಕಾಸಿನ ಪ್ರಸ್ತಾವಗಳನ್ನು ಪರಿಶೀಲಿಸುವ ಹುದ್ದೆಯಲ್ಲಿದ್ದೆ. ಗ್ರಾಮೀಣ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಮತ್ತು ಅದನ್ನು ನಡೆಸುವ ತಂತ್ರಜ್ಞರನ್ನು ಒದಗಿಸುವ ಒಂದು ಕಡತ ನನ್ನ ಮೇಜಿಗೆ ಬಂತು. ಅರ್ಥಶಾಸ್ತ್ರದ ಪದವಿಯ ಉಮೇದು ಇನ್ನೂ ಆರಿರಲಿಲ್ಲ. ಆ ಆಸ್ಪತ್ರೆಗಳಲ್ಲಿ ದಾಖಲಾದ ಹೃದ್ರೋಗಿಗಳ ಸಂಖ್ಯೆ ತೀರ ಕಡಿಮೆ ಇರುವುದರಿಂದ ಈ ವೆಚ್ಚಕ್ಕೆ ಸಮರ್ಥನೆ ಕಾಣದು ಎಂದು ಟಿಪ್ಪಣಿ ಬರೆದೆ. ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಯಂತ್ರವೇ ಇಲ್ಲದ ಕಡೆ ಹೃದ್ರೋಗಿಗಳು ದಾಖಲಾಗುವುದಾದರೂ ಹೇಗೆ ಎಂಬ ಪ್ರಶ್ನೆ ಮಾತ್ರ ನನಗೆ ಹೊಳೆಯಲಿಲ್ಲ. ಅಳೆಯದೆ ಇದ್ದುದನ್ನು ಇಲ್ಲವೆಂದು ಬರೆದೆ. ಕಡತ ಹಿಂದಕ್ಕೆ ಹೋಯಿತು, ಮತ್ತೆ ನನ್ನ ಮುಂದೆ ಬರಲಿಲ್ಲ. ತೊಟ್ಟಿಯ ನೀರಿನಲ್ಲಿ ಮುಖ ಮುಳುಗಿಸಿ ನಿಲ್ಲುತ್ತಿದ್ದವರನ್ನು ಕಣ್ಣಾರೆ ಕಂಡಿದ್ದವನೇ ಈ ಟಿಪ್ಪಣಿ ಬರೆದದ್ದು ಎಂಬುದು ನನ್ನನ್ನು ಈಗ ರಾತ್ರಿಗಳಲ್ಲಿ ಕಾಡುತ್ತದೆ. ವಾಲರ್‌ರಂಥ ವಿದ್ವಾಂಸರೇ ಎಣಿಕೆ ತಪ್ಪಿದ್ದರು ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅವರ ತಪ್ಪು ಒಂದು ಅಭಿಪ್ರಾಯವಾಗಿತ್ತು. ನನ್ನದು ಸಹಿಯಾಗಿತ್ತು.

ಕಾಲ ಬದಲಾಗಿದೆ. 270 ಕಿಲೋದ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. 2023–24ರ ಅವಧಿಯಲ್ಲಿ ನಮ್ಮ ರಾಜ್ಯದಲ್ಲಿ ರೂಪುಗೊಂಡ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳ ತಜ್ಞರು ದೂರದಿಂದಲೇ ನೋಡುವ ವ್ಯವಸ್ಥೆ ಇದೆ. ಅದರ ಮುಖ್ಯ ಗುರಿ ಹೃದಯಾಘಾತ. 1905ರಲ್ಲಿ ಲೈಡನ್ನಿನ ಆಸ್ಪತ್ರೆಯಿಂದ ಪ್ರಯೋಗಾಲಯಕ್ಕೆ ಎಳೆದ ತಂತಿ ಹೀಗೆ ನಮ್ಮ ತಾಲ್ಲೂಕುಗಳ ತನಕ ಬಂದಿದೆ. ಇನ್ನು ಉಳಿದಿರುವುದು ಅದು ತಾಲ್ಲೂಕು ಕೇಂದ್ರದಿಂದ ಹೋಬಳಿಗೆ ಇಳಿಯುವುದು; ಎದೆ ಓಡುತ್ತದೆ ಎನ್ನುವ ಹುಡುಗ ಹುಡುಗಿಯರಿಗೆ ಭಯವೆಂದೋ ಗಾಳಿಯೆಂದೋ ಹೇಳಿ ಕಳಿಸುವ ಮೊದಲು ಒಂದು ಇಸಿಜಿ ತೆಗೆಯುವುದು; ಅದನ್ನು ಓದಲು ಬಲ್ಲವರಿಗೆ ತೋರಿಸುವುದು. ಯಂತ್ರ ಕೊಂಡು ಬೀರುವಿನಲ್ಲಿ ಬೀಗ ಹಾಕಿಟ್ಟರೆ, ಕಾಗದದ ಸುರುಳಿ ಮುಗಿದಾಗ ಬೇಡಿಕೆಪಟ್ಟಿ ಆರು ತಿಂಗಳು ಅಲೆದಾಡಿದರೆ ಏನೂ ಪ್ರಯೋಜನವಿಲ್ಲ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಐಂಥೋವನ್ ತೀರಿಕೊಂಡ ನೂರನೆಯ ವರ್ಷ ಹತ್ತಿರವಾಗುತ್ತಿದೆ. ಅವರಿಗೆ ನಮ್ಮಲ್ಲಿ ಯಾರೂ ಪ್ರತಿಮೆ ನಿಲ್ಲಿಸಬೇಕಾಗಿಲ್ಲ. ಕಳೆದ ತಿಂಗಳು ಊರಿಗೆ ಹೋದಾಗ ಆ ಕಲ್ಲುತೊಟ್ಟಿಯ ಬಳಿ ನಿಂತಿದ್ದೆ. ಬಾವಿ ಬತ್ತಿ ವರ್ಷಗಳಾಗಿವೆ, ಕೊಳವೆಬಾವಿಯ ನೀರು ತೊಟ್ಟಿಗೆ ಬೀಳುತ್ತಿತ್ತು. ಅಕ್ಕನ ಮೊಮ್ಮಗಳು ಸೊಪ್ಪಿನ ಹೊರೆ ಹೊತ್ತು ಪಕ್ಕದಲ್ಲೇ ಹಾದು ಹೋದಳು. ಅವಳು ತೊಟ್ಟಿಯ ಬಳಿ ನಿಲ್ಲಲಿಲ್ಲ.

(ಲೇಖಕರು ರಾಜ್ಯ ಸರ್ಕಾರದ ನಿವೃತ್ತ ಅಧಿಕಾರಿ)